ಟವಲ್ಲಿನ ಕೆಳಗೆ

ಕಾರು ಮಾಡುವವರನ್ನು ಕಾರಿನಲ್ಲಿ ಕೂರಿಸಿಕೊಂಡು
ಮೂರು ದಿನ ತಿರುಗಿಸಿದವನು ನಾನು.
ಎಸಿ ಇಪ್ಪತ್ತೆರಡಕ್ಕಿಡು, ಹಾಡು ಹಾಕಬೇಡ,
ಗುಂಡಿ ಬಂದರೆ ಮೆಲ್ಲಗೆ ಇಳಿಸು:
ಚಿತ್ರದುರ್ಗದ ಪ್ರವಾಸಿ ಮಂದಿರದಲ್ಲಿ ಸಾಹೇಬರು
ನನಗೆ ತಿಳಿಸಿದ ಕೈಗಾರಿಕಾ ನೀತಿ ಇಷ್ಟೇ.
ಗುಂಡಿ ಬರಲಿಲ್ಲ. ಮೊಳಕಾಲ್ಮೂರಿನ ತನಕ
ಹಿಂದಿನ ರಾತ್ರಿಯೇ ಮುಚ್ಚಿಸಿದ್ದರು,
ಟಾರು ಇನ್ನೂ ಟೈರಿಗೆ ಅಂಟುತ್ತಿತ್ತು.

ಕಾವಲಿನ ನಡುವೆ ಶಾಮಿಯಾನ.
ನಕ್ಷೆ ಗಾಳಿಗೆ ಹಾರದಂತೆ
ನಾಲ್ಕು ಮೂಲೆಗೆ ನಾಲ್ಕು ಎಳನೀರು.
'ಖಾಲಿ ಜಮೀನು ಸರ್, ಒಬ್ಬರೂ ಇಲ್ಲ.'
ಒಬ್ಬರೂ ಇಲ್ಲದ ಹಾಗೆ ಮಾಡಲು
ಬೆಳಗಿನ ಐದಕ್ಕೇ ಕಿಲಾರಿ ಗಾದ್ರಯ್ಯನನ್ನು
ದೇವರೆತ್ತುಗಳ ಸಮೇತ ಗುಡ್ಡದ ಹಿಂದಕ್ಕೆ ಕಳಿಸಿದ್ದರು.
ಸಗಣಿ ಮಾತ್ರ ಹೊರಟಿರಲಿಲ್ಲ.
ಬಿಳಿ ಶೂ ತೊಟ್ಟ ಉದ್ದನೆಯ ವಿದೇಶಿ
ಅದರ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು
ಬೆಣಚುಕಲ್ಲೊಂದನ್ನು ಹೆಕ್ಕಿ, ಕರ್ಚೀಫಿನಲ್ಲಿ ಒರೆಸಿ
ಜೇಬಿಗೆ ಹಾಕಿಕೊಂಡ. ಯಾಕೋ ಗೊತ್ತಿಲ್ಲ.
ನಮ್ಮಿಂದ ಅವರು ಕೊಂಡುಹೋದದ್ದು ಅದೊಂದೇ.

ನೀರೆಷ್ಟು ಎಂದು ಕೇಳಿದರು.
ವಾಣಿವಿಲಾಸ ಸಾಗರದ ಹೆಸರು ಹೇಳಿ
ಸಾಹೇಬರು ಬಾಟಲಿ ನೀರು ಕುಡಿದರು.

ಹಿಂದಿನ ಸೀಟಿನಲ್ಲಿ ಫೋನು ನಿಲ್ಲಲೇ ಇಲ್ಲ.
ಗಡಿಯಾಚೆಯವರು ಎಕರೆಗೆ ಆರು ಲಕ್ಷ ಅಂದರಂತೆ,
ಹಾಗಾದರೆ ನಾವು ನಾಲ್ಕು.
ಹತ್ತು ವರ್ಷ ತೆರಿಗೆ ಬೇಡ ಅಂದರಂತೆ,
ನಾವು ಹದಿನೈದು.
ತಮಿಳು ಕಡೆಯವರು ಬಂದರು ತೋರಿಸುತ್ತಿದ್ದಾರಂತೆ,
ಈ ಸೀಮೆಗೆ ಸಮುದ್ರ ಎಲ್ಲಿಂದ ತರೋದು?
ಕರೆಂಟು ಅರ್ಧ ದರ. ರೈಲು ಹಳಿ ಗೇಟಿನ ತನಕ.
ಹರಾಜು ಅಂದರೆ ಬೆಲೆ ಏರಬೇಕು ತಾನೆ?
ಇದು ಇಳಿಯುತ್ತಿತ್ತು.

ನಮ್ಮಪ್ಪ ಸೂರಯ್ಯ ದನದ ದಲ್ಲಾಳಿ.
ಟವಲ್ಲಿನ ಕೆಳಗೆ ಕೈಗೆ ಕೈ ಸೇರಿಸಿ
ಬೆರಳು ಮಡಿಸಿದರೆ ಸಾವಿರ, ಒತ್ತಿದರೆ ನೂರು,
ಮುಖ ಮಾತ್ರ ಮಳೆಬೆಳೆಯ ಮಾತಾಡುತ್ತಿತ್ತು.
ಸಾಹೇಬರೂ ಹಾಗೇ. ಬಾಯಿ ಕೋಟೆಯ ಕಥೆ ಹೇಳುತ್ತಿದ್ದರೆ
ತೊಡೆಯ ಮೇಲಿನ ಫೋನಿನಲ್ಲಿ ಬೆರಳು ಅಂಕಿ ಒತ್ತುತ್ತಿತ್ತು.
ಅಪ್ಪ ಅನ್ನುತ್ತಿದ್ದ:
'ಎರಡು ಟವಲ್ಲಿನಾಗೆ ಎರಡೂ ಕೈ ಇಟ್ಟೋನಿಗೆ
ಎತ್ತಿನ ಹಲ್ಲು ತೋರಿಸಬ್ಯಾಡ ಕಣಲೇ.
ನಿನ್ನೆತ್ತಿನ ಹಲ್ಲೆಣಿಸಿ ಪಕ್ಕದೋನ ರೇಟು ಇಳಿಸ್ತಾನೆ.'

ಕನ್ನಡಿಯಲ್ಲಿ ನೋಡಿದೆ.
ವಿದೇಶಿ ಬಾಯಿ ತೆರೆದು ನಿದ್ದೆ ಹೋಗಿದ್ದ.
ಹಲ್ಲು ಚೆನ್ನಾಗಿದ್ದವು.

ನನಗೂ ಬೇಕಿತ್ತು, ಸುಳ್ಳು ಹೇಳಲ್ಲ.
ಮಗಳು ಪಾಲಾಕ್ಷಿ ಐಟಿಐ ಫಿಟ್ಟರ್,
ರಾಂಪುರದ ಬಂಕಿನಲ್ಲಿ ಟೈರಿಗೆ ಗಾಳಿ ಹಿಡಿಯುತ್ತಾಳೆ.
ಮೂರೂ ದಿನ ಬ್ರೇಕನ್ನು
ಹೂವಿನ ಮೇಲೆ ಕಾಲಿಟ್ಟಂತೆ ಒತ್ತಿದ್ದೆ.

ಎರಡು ತಿಂಗಳಿಗೆ ಅಕ್ಕ ಫೋನು ಮಾಡಿದಳು.
ಅವಳನ್ನು ಕೊಟ್ಟಿರುವುದು ಗಡಿಯಾಚೆ, ಏಳು ಕಿಲೋಮೀಟರು.
'ಮಾಕೇ ವಚ್ಚಿಂದಿರಾ!' ಎಂದಳು, ನಮಗೇ ಬಂತೆಂದು.
ಮನೆಯಲ್ಲಿ ನಾವಾಡುವುದೂ ಅದೇ ತೆಲುಗು.
ಸೋತದ್ದು ಮಾತ್ರ ಕನ್ನಡದಲ್ಲಿ.

ಸ್ಥಳೀಯರಿಗೇ ಕೆಲಸ ಎಂದು ಅಲ್ಲಿ ಕಾನೂನಂತೆ,
ಪಾಲಾಕ್ಷಿಯ ಅರ್ಜಿ ವಾಪಸು ಬಂತು.
ಬಂಕಿನ ಚಾವಣಿ ಹತ್ತಿದರೆ
ಶೆಡ್ಡಿನ ನೀಲಿ ತಗಡು ಹೊಳೆಯುವುದು ಕಾಣುತ್ತದೆ.
ಏಳು ಕಿಲೋಮೀಟರಿನ ನಾವು ಪರಸ್ಥಳದವರು,
ಏಳು ಸಮುದ್ರದಾಚೆಯವನು ನೆಂಟ.

ಕಾವಲಿಗೆ ಎತ್ತುಗಳು ಮರಳಿವೆ.
ಸರ್ವೆ ಕಲ್ಲುಗಳನ್ನು ಯಾರೂ ಕೀಳಲಿಲ್ಲ.
ಗಾದ್ರಯ್ಯನ ಹಿರಿಯ ಎತ್ತು ಒಂದಕ್ಕೆ ಕತ್ತು ಉಜ್ಜಿ ಉಜ್ಜಿ
ಕೆಂಪು ನಂಬರು ಅರ್ಧ ಅಳಿಸಿದೆ.

ಈಗ ರಾತ್ರಿ ಹೊತ್ತು
ಎರಡಂತಸ್ತಿನ ಲಾರಿಯ ಮೇಲೆ ಹೊಸ ಕಾರುಗಳು ಬರುತ್ತವೆ,
ನಂಬರಿಲ್ಲದ, ಇನ್ನೂ ಯಾವ ರಾಜ್ಯದ್ದೂ ಅಲ್ಲದ ಕಾರುಗಳು.
ಮೊನ್ನೆ ಒಂದು ಲಾರಿ ಬಂಕಿಗೆ ತಿರುಗಿತು.
ಹದಿನೆಂಟು ಚಕ್ರಕ್ಕೂ ಬಗ್ಗಿ ಬಗ್ಗಿ ಗಾಳಿ ನೋಡಿದ ಪಾಲಾಕ್ಷಿ
ಎದ್ದು, ಕೈ ಒರೆಸಿಕೊಂಡು,
ಕೆಳಗಿನ ಸಾಲಿನ ಬಿಳಿ ಕಾರಿನ
ಬಾಗಿಲ ಸಂದಿಗೆ ಬೆರಳಿಟ್ಟು
ಮೇಲಿಂದ ಕೆಳಗೆ ಒಮ್ಮೆ ಎಳೆದಳು.
'ಅಪ್ಪಾ, ಇಲ್ಲಿ ಅರ್ಧ ನೂಲು ಜಾಸ್ತಿ ಬಿಟ್ಟವರೆ' ಅಂದಳು.